ಹೋಟೆಲಿನ ಬಿಳಿ ಟಾವೆಲ್

ಆಗಿನ್ನೂ ನಮ್ಮ ಚಪಳಗಾಂವದಲ್ಲಿ ಹೆಣ್ಣು ನೋಡುವ ಕೆಲಸ ಮನೆಯ ಪಡಸಾಲೆಯಲ್ಲೇ ನಡೆಯುತ್ತಿತ್ತು. ಬಂದವರಿಗೆ ಜಮಖಾನ ಹಾಸುವುದು, ಅವಲಕ್ಕಿ ಚಹಾ ಕೊಡುವುದು, ಹುಡುಗಿಯನ್ನು ಕರೆದು ಹೆಸರೇನು, ಎಷ್ಟು ಓದಿದ್ದೀ ಎಂದು ಗೊತ್ತಿದ್ದದ್ದನ್ನೇ ಕೇಳುವುದು. ಮಕ್ಕಳಾದ ನಾವು ಬಾಗಿಲ ಸಂದಿಯಿಂದ ಇಣುಕಿ, ಹುಡುಗನ ಕಿವಿ ದೊಡ್ಡದೋ ಸಣ್ಣದೋ ಎಂದು ತೀರ್ಪು ಕೊಡುತ್ತಿದ್ದೆವು. ಹಾಗಿರುವಾಗ, ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷ, ಸಂಕ್ರಾಂತಿ ಮುಗಿದ ಮೇಲೆ ಸೊಲ್ಲಾಪುರದಿಂದ ಒಂದು ಫೋನು ಬಂತು. ಹುಡುಗಿಯನ್ನು ನೋಡಲು ಅವರು ಬರುವುದಿಲ್ಲವಂತೆ. ರವಿವಾರ ನಾವೇ ಅಲ್ಲಿನ ದೊಡ್ಡ ಹೋಟೆಲಿಗೆ ಹೋಗಬೇಕಂತೆ.

"ಎಷ್ಟೊತ್ತಿಗಂತ?" ಅಂತ ಅವ್ವ ಕೇಳಿದಳು.

"ಹನ್ನೊಂದಕ್ಕಂತ. ಅದು ನಾಷ್ಟಾನೂ ಅಲ್ಲಂತ, ಊಟಾನೂ ಅಲ್ಲಂತ. ಎರಡೂ ಕೂಡಿಸಿ ಒಂದ ಮಾಡ್ತಾರಂತ," ಅಂದ ಅಜ್ಜ, ಕಿವಿಯಿಂದ ತೆಗೆದ ಮೊಬೈಲನ್ನೇ ನೋಡುತ್ತ.

"ಮನಿ ಬಿಟ್ಟು ಹೊಟೆಲ್ಯಾಗ ಯಾಕ ಕರದಾರ್ರಿ ಮಾವಾ? ಒಲ್ಲೆ ಅನ್ನಾಕ ಹಗುರ ಆಗತೈತಿ ಅಂತ ಕರದಿರಬೇಕು."

ಅಜ್ಜ ಅವಳನ್ನು ದುರುಗುಟ್ಟಿ ನೋಡಿದ. ಆದರೆ ಅವ್ವನ ಮಾತು ಅವನ ಎದೆಗೆ ನಾಟಿತ್ತು ಎಂದು ನನಗೂ ಗೊತ್ತಾಯಿತು. ನೋಡಬೇಕಾದ ಹುಡುಗಿ ಸುನಂದಾ ಅತ್ತೆ, ಅಪ್ಪನ ತಂಗಿ. ಇಪ್ಪತ್ತೈದು ತುಂಬಿತ್ತು. ಅದಕ್ಕೂ ಮೊದಲು ಮೂರು ಸಂಬಂಧ ಬಂದು, ಅವಲಕ್ಕಿ ತಿಂದು, ತಿರುಗಿ ಹೋಗಿದ್ದವು. ನಾಲ್ಕನೆಯದೂ ಹೋದರೆ ಊರಿನ ಬಾಯಿ ಸುಮ್ಮನಿರುವುದಿಲ್ಲ ಎಂಬ ಹೆದರಿಕೆ ಇಡೀ ಮನೆಯಲ್ಲಿತ್ತು.

ಇಲ್ಲಿ ನಮ್ಮ ಮನೆಯ ಎರಡು ಪದ್ಧತಿ ಹೇಳಬೇಕು. ಮೊದಲನೆಯದು, ಲಗ್ನದ ಮಾತು ಪಕ್ಕಾ ಆಗುವತನಕ ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ಅನ್ನ ಮುಟ್ಟುವಂತಿಲ್ಲ. ಎರಡನೆಯದು, ಮಾತು ಪಕ್ಕಾ ಆಯಿತು ಎನ್ನುವುದಕ್ಕೆ ಗುರುತು ಟಾವೆಲ್ ಟೋಪಿ. ಮೊದಲು ಹುಡುಗನ ಅಪ್ಪ ಎದ್ದು ಹುಡುಗಿಯ ಅಪ್ಪನಿಗೆ ಟಾವೆಲ್ ಕೊಡುತ್ತಾನೆ. ಹುಡುಗಿಯ ಅಪ್ಪ ಅದನ್ನು ಹೆಗಲಿಗೆ ಹಾಕಿಕೊಂಡು, ತಾನೂ ಅವನಿಗೆ ಟಾವೆಲ್ ಹೊದಿಸಿ, ತಲೆಗೆ ಬಿಳಿ ಟೋಪಿ ಇಟ್ಟು, ಕೈಯಲ್ಲಿ ತೆಂಗಿನಕಾಯಿ ಇಡುತ್ತಾನೆ. ಅಷ್ಟಾದರೆ ಮುಗಿಯಿತು, ಕಾಗದವಿಲ್ಲ, ಸಹಿಯಿಲ್ಲ. ಮುಂದೆ ಮಾತು ಮುರಿದರೆ ಟಾವೆಲ್ ತಿರುಗಿ ಬರಬೇಕು. ಬರುವತನಕ ಬೇರೆ ಸಂಬಂಧ ನೋಡುವಂತಿಲ್ಲ.

ರವಿವಾರ ಬೆಳಿಗ್ಗೆ ಆರಕ್ಕೇ ಹೊರಟೆವು. ಎಮ್ಮೆ ಈಯುವುದಿತ್ತು, ಹಾಗಾಗಿ ಅಪ್ಪ ಮನೆಯಲ್ಲೇ ಉಳಿದ. ಅಜ್ಜ, ಅವ್ವ, ಅತ್ತೆ, ನಾನು. ಅಕ್ಕಲಕೋಟದ ಪೇಟೆಯಲ್ಲಿ ಅಜ್ಜ ಒಂದು ದಪ್ಪ ಟಾವೆಲ್, ಟೋಪಿ, ಕಾಯಿ ತೆಗೆದುಕೊಂಡ. "ಇರಲಿ, ಏನ್ ಗೊತ್ತು," ಎಂದ, ಯಾರೂ ಏನೂ ಕೇಳದಿದ್ದರೂ. ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ಅತ್ತೆ ಆ ಟಾವೆಲಿನ ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಿದಳು. ಒಂದು ಮೂಲೆಯಲ್ಲಿ ಅರಿಶಿಣ ಚೆಲ್ಲಿ ಮಾವಿನಕಾಯಿಯಷ್ಟು ದೊಡ್ಡ ಕಲೆಯಾಯಿತು. ನನಗೆ ಹಸಿವೆಯಾಗಿತ್ತು. ಸ್ಟ್ಯಾಂಡಿನ ಬಜಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. "ಅಲ್ಲಿ ಹೋಗಿ ತಿನ್ನೂದ ಐತಿ," ಎಂದು ಅವ್ವ ನನ್ನನ್ನು ಎಸ್‌ಟಿ ಬಸ್ಸಿಗೆ ದೂಡಿದಳು.

ಹೋಟೆಲಿನ ಬಾಗಿಲು ತನ್ನಷ್ಟಕ್ಕೆ ತಾನೇ ತೆರೆದಾಗ ಅಜ್ಜ ಚಪ್ಪಲಿ ಬಿಟ್ಟು ಒಳಗೆ ಹೋಗಲು ನೋಡಿದ. ಬಾಗಿಲಲ್ಲಿದ್ದ ಮೀಸೆಯವನು ಬೇಡ ಎಂದು ತಲೆ ಅಲ್ಲಾಡಿಸಿದ. ಒಳಗೆ ಅಷ್ಟು ಬಿಸಿಲಿನ ಊರಿನಲ್ಲೂ ಮೈ ಜುಮ್ಮೆನ್ನುವ ಚಳಿ. ಬೆಣ್ಣೆ, ಏಲಕ್ಕಿ, ಕಾಫಿ ಮತ್ತು ನೆಲ ಒರೆಸಿದ ಯಾವುದೋ ಹೂವಿನ ವಾಸನೆ ಎಲ್ಲ ಒಟ್ಟಿಗೆ ಬಂತು. ಗೋಡೆಯುದ್ದಕ್ಕೂ ಹಿತ್ತಾಳೆಯ ಮುಚ್ಚಳದ ಪಾತ್ರೆಗಳು. ಒಂದು ಕಡೆ ದೋಸೆ ಹುಯ್ಯುವವನು, ಒಂದು ಕಡೆ ಜಿಲೇಬಿ, ಮತ್ತೊಂದು ಕಡೆ ಗಾಜಿನ ಕಪಾಟಿನಲ್ಲಿ ಕೆಂಪು ಚೆರ್ರಿ ಹೊತ್ತ ಪೇಸ್ಟ್ರಿಗಳು. ಅಲ್ಲಿಂದ ಮುಂದೆ ನನ್ನ ಕಣ್ಣು ಬೇರೆ ಕಡೆ ಹೋಗಲಿಲ್ಲ.

ಹುಡುಗನ ಅಪ್ಪ ಎದ್ದು ಕೈ ಮುಗಿದರು. ಅವರದು ಸೊಲ್ಲಾಪುರದಲ್ಲಿ ಟಾವೆಲ್ ಚಾದರಿನ ದೊಡ್ಡ ಅಂಗಡಿ. ಎಲ್ಲರೂ ಶೇಟ್ ಎನ್ನುತ್ತಿದ್ದರು. ಮೂಲದಲ್ಲಿ ನಮ್ಮ ಕಡೆಯದೇ ಯಾವುದೋ ಹಳ್ಳಿಯವರು, ಕನ್ನಡ ಮರೆತಿರಲಿಲ್ಲ. ಅವರ ಹೆಂಡತಿ ಮಾತ್ರ ಬರೀ ಮರಾಠಿ. ಹುಡುಗ ಅತ್ತೆಯನ್ನು ಒಂದೇ ಒಂದು ಸಲ ನೋಡಿ ಮತ್ತೆ ಮೊಬೈಲಿಗೆ ಮರಳಿದ. ಆ ಒಂದು ನೋಟದಲ್ಲೇ ಅವ್ವನ ಮುಖ ಸಣ್ಣಗಾಯಿತು.

"ಮೊದಲ ಏನರ ತೊಗೊರಿ. ಮಾತು ಆಮ್ಯಾಲ ಇದ್ದದ್ದ," ಎಂದರು ಶೇಟ್.

ಅಜ್ಜ ಅಲುಗಾಡಲಿಲ್ಲ. ಅವ್ವ ಮೇಜಿನ ಕೆಳಗೆ ನನ್ನ ತೊಡೆ ಹಿಂಡಿ, "ಮಾತು ಆಗೂತನಕ ಏನೂ ಮುಟ್ಟಬ್ಯಾಡ. ಬಾಯಿ ಬಿಟ್ಟಿ ಅಂದ್ರ ನೋಡು," ಎಂದು ಕಿವಿಯಲ್ಲಿ ಉಸುರಿದಳು. ಶೇಟರ ಹೆಂಡತಿ "ಲಾಜೂ ನಕಾ, ಘ್ಯಾ," ನಾಚಬೇಡಿ, ತೆಗೆದುಕೊಳ್ಳಿ ಎಂದು ಎರಡು ಸಲ ಉಪಚಾರ ಮಾಡಿದರು, ಮೂರನೆಯ ಸಲ ಮಾಡಲಿಲ್ಲ. ವೇಟರ್ ಬಂದು ನಮ್ಮ ಖಾಲಿ ತಾಟು ನೋಡಿ ಹೋದ. ಮತ್ತೆ ಬಂದ, ಮತ್ತೆ ಹೋದ. ಮಾತು ಮಳೆಯ ಕಡೆಗೂ ರಸ್ತೆಯ ಕಡೆಗೂ ಹೋಗುತ್ತಿತ್ತು, ಲಗ್ನದ ಕಡೆಗೆ ಬರುತ್ತಲೇ ಇರಲಿಲ್ಲ. ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ನನ್ನ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರ್ ಎಂದಿತು.

ಆಗ ಶೇಟರಿಗೆ ಏನನ್ನಿಸಿತೋ, ಬಹುಶಃ ಅಜ್ಜನ ಸಂಕೋಚ ಬಿಡಿಸಬೇಕು ಎಂದುಕೊಂಡರು. ಅಜ್ಜನ ತಾಟಿನ ಪಕ್ಕ ಮಡಚಿಟ್ಟಿದ್ದ ಬಿಳಿ ವಸ್ತ್ರವನ್ನು ತೆಗೆದು, ಝಾಡಿಸಿ ಬಿಡಿಸಿ, ಎದ್ದು ಬಗ್ಗಿ ಎರಡೂ ಕೈಯಲ್ಲಿ ಹಿಡಿದು, "ತೊಗೊರಿ ಯಜಮಾನ್ರ," ಎಂದರು.

ಅಜ್ಜನ ಮುಖ ಅರಳಿದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಟಾವೆಲಿನ ವ್ಯಾಪಾರಿ, ಎದ್ದು ನಿಂತು, ಎರಡು ಕೈಯಲ್ಲಿ, ಬಿಳಿ ವಸ್ತ್ರ ಕೊಡುತ್ತಿದ್ದಾನೆ. ಇನ್ನೇನು ಬೇಕು? ಅಜ್ಜ ಅದನ್ನು ಕಣ್ಣಿಗೆ ಒತ್ತಿಕೊಂಡು ಹೆಗಲ ಮೇಲೆ ಹಾಕಿಕೊಂಡ. ಆಮೇಲೆ ಕೆಳಗಿಟ್ಟಿದ್ದ ಚೀಲಕ್ಕೆ ಬಗ್ಗಿದ.

ಅದು ಊಟದ ವಸ್ತ್ರ ಎಂದು ನನಗೆ ಗೊತ್ತಿತ್ತು. ಇದನ್ನು ನಾನು ಎಷ್ಟೋ ವರ್ಷ ಯಾರಿಗೂ ಹೇಳಿರಲಿಲ್ಲ. ಪಕ್ಕದ ಮೇಜಿನಲ್ಲಿ ಒಬ್ಬ ಹೆಂಗಸು ಅಂಥದ್ದೇ ವಸ್ತ್ರದಿಂದ ಕೂಸಿನ ಬಾಯಿ ಒರೆಸುತ್ತಿದ್ದಳು. ಅದರಾಚೆಯ ಮೇಜಿನಲ್ಲಿ ಎಲ್ಲರ ತೊಡೆಯ ಮೇಲೂ ಅದೇ. ನಾನು ಅಜ್ಜನ ಪಕ್ಕದಲ್ಲೇ ಕೂತಿದ್ದೆ. ಅಂಗಿ ಜಗ್ಗಿ ಒಂದು ಮಾತು ಅಂದಿದ್ದರೆ ಸಾಕಿತ್ತು. ಅವ್ವ ಬಾಯಿ ಬಿಡಬೇಡ ಎಂದಿದ್ದಳು ನಿಜ, ಆದರೆ ನಾನು ಸುಮ್ಮನಿದ್ದದ್ದು ಅದಕ್ಕಲ್ಲ. ಮಾತು ಆಯಿತು ಅಂದರೆ ಪೇಸ್ಟ್ರಿ ಸಿಗುತ್ತದೆ. ಅಷ್ಟೇ ನನ್ನ ಲೆಕ್ಕ.

ಅಜ್ಜ ಮೇಜು ಬಳಸಿ ಹೋಗಿ ಶೇಟರ ಹೆಗಲಿಗೆ ಅರಿಶಿಣದ ಟಾವೆಲ್ ಹೊದಿಸಿದ. ತಲೆಗೆ ಟೋಪಿ ಇಟ್ಟ. ಕೈಗೆ ಕಾಯಿ ಕೊಟ್ಟು, "ನಿಮ್ಮ ಮಾತು ದೊಡ್ಡದಾತ್ರಿ. ನಮ್ಮ ಹುಡುಗಿ ಇನ್ನ ನಿಮ್ಮಾಕಿ," ಎಂದ.

ಸುತ್ತಲಿನ ಮೇಜುಗಳಲ್ಲಿ ಚಮಚದ ಸದ್ದು ನಿಂತಿತು. ದೋಸೆ ಹುಯ್ಯುವವನೂ ಕೈ ನಿಲ್ಲಿಸಿ ನೋಡಿದ. "ಹೇ ಕಾಯ?" ಎಂದರು ಶೇಟರ ಹೆಂಡತಿ, ಇದೇನು ಎನ್ನುವಂತೆ. ಹುಡುಗ ಮೊದಲ ಸಲ ಮೊಬೈಲು ಕೆಳಗಿಟ್ಟ. ಶೇಟರ ಬಲಗೈ ಮೇಲೆದ್ದು ಹೆಗಲ ಮೇಲಿನ ಟಾವೆಲಿನ ಅಂಚು ಹಿಡಿಯಿತು. ಎಳೆದರೆ ಮುಗಿಯಿತು, ಅಷ್ಟು ಜನರ ನಡುವೆ ಅಜ್ಜನ ಮರ್ಯಾದೆ ನೆಲಕ್ಕೆ ಬೀಳುತ್ತಿತ್ತು. ನಾನು ಅತ್ತೆಯ ಕಡೆ ನೋಡಿದೆ. ಅವಳು ಅಜ್ಜನನ್ನಷ್ಟೇ ನೋಡುತ್ತಿದ್ದಳು, ರೆಪ್ಪೆ ಕೂಡ ಬಡಿಯದೆ.

ಟಾವೆಲ್ ಹಿಡಿದ ಕೈ ಮೆಲ್ಲಗೆ ಕೆಳಗಿಳಿಯಿತು. "ಉಣ್ರಿ ಯಜಮಾನ್ರ," ಎಂದರು ಶೇಟ್. ಅಷ್ಟೇ ಅಂದರು.

"ಉಣ್ರಿ, ಎಲ್ಲಾರೂ ಉಣ್ರಿ!" ಎಂದ ಅಜ್ಜ, ಹೋಟೆಲು ತನ್ನದೇ ಎಂಬಂತೆ. ನಾನು ಓಡಿದೆ. ಮೂರು ಪೇಸ್ಟ್ರಿ ತಿಂದೆ, ಚೆರ್ರಿ ಕೊನೆಗೆ ಇಟ್ಟುಕೊಂಡು. ಹೊರಡುವಾಗ ವೇಟರ್ ಅಜ್ಜನ ಹೆಗಲ ಮೇಲಿನ ವಸ್ತ್ರ ನೋಡಿ ಎರಡು ಹೆಜ್ಜೆ ಮುಂದೆ ಬಂದ. ಶೇಟ್ ಕಣ್ಣಲ್ಲೇ ಅವನನ್ನು ತಡೆದರು. ಅದನ್ನೂ ನಾನು ನೋಡಿದೆ.

ಬುಧವಾರ ಫೋನು ಬಂತು. ಜಾತಕ ಕೂಡಲಿಲ್ಲವಂತೆ, ತಪ್ಪು ತಿಳಿಯಬಾರದಂತೆ.

ಅಜ್ಜ ನಂಬಲಿಲ್ಲ. "ಟಾವೆಲ್ ಎಲ್ಲೈತಿ? ಮಾತು ತಿರುಗಿದ್ರ ಟಾವೆಲ್ ತಿರುಗಿ ಬರತೈತಿ. ಅವರು ಹಳೇ ಮಂದಿ, ಪದ್ಧತಿ ಗೊತ್ತಿದ್ದವರು. ಮನ್ಯಾಗ ಹೆಣಮಕ್ಕಳದು ಏನರ ತಕರಾರ ಇದ್ದೀತು, ತಿಳೀತೈತಿ," ಎನ್ನುತ್ತಿದ್ದ. ಹೋಟೆಲಿನ ವಸ್ತ್ರಕ್ಕೆ ಕುಂಕುಮ ಹಚ್ಚಿ ಟ್ರಂಕಿನಲ್ಲಿಟ್ಟಿದ್ದ. ಯುಗಾದಿ ಹೋಯಿತು, ನಾಗರಪಂಚಮಿ ಹೋಯಿತು. ಮೈಂದರಗಿಯ ಒಬ್ಬ ಮಾಸ್ತರರ ಸಂಬಂಧ ಬಂತು. ಅಜ್ಜ ಅವರಿಗೆ ಚಹಾ ಕೊಟ್ಟು, "ನಮ್ಮ ಹುಡುಗೀದು ಮಾತು ಆಗೈತ್ರಿ," ಎಂದು ಕಳಿಸಿಬಿಟ್ಟ. ಅಪ್ಪ ಸಿಟ್ಟಿನಿಂದ ತಾಟು ಎಸೆದ. ಅವ್ವ ಅತ್ತಳು. ನಾನು ಗೊಂಜಾಳದ ತೆನೆ ಒಣಹಾಕಿದ ಮಾಳಿಗೆಗೆ ಹೋಗಿ ಒಬ್ಬಳೇ ಕೂತೆ. ಒಂದು ಮಾತು ಅವತ್ತೇ ಆಡಿದ್ದರೆ ಎಂದುಕೊಳ್ಳುತ್ತಿದ್ದೆ. ಆಡಲು ಈಗಲೂ ಧೈರ್ಯವಿರಲಿಲ್ಲ.

ದಸರೆಯ ರಜೆಯಲ್ಲಿ ಒಂದು ಬೆಳಿಗ್ಗೆ ಅತ್ತೆ, "ಬಾ, ಸೊಲ್ಲಾಪುರಕ್ಕ ಹೋಗಿ ಬರೂಣು," ಎಂದಳು. ಬಸ್ ಸ್ಟ್ಯಾಂಡಿನಿಂದ ನೇರ ಶೇಟರ ಅಂಗಡಿಗೆ ನಡೆದಳು. ಗೋಡೆಯ ತುಂಬ, ಮಾಡಿನವರೆಗೂ ಟಾವೆಲುಗಳು. ಗಾದಿಯ ಮೇಲೆ ಶೇಟ್ ಕೂತಿದ್ದರು. ಅತ್ತೆ ಚೀಲದಿಂದ ಆ ಬಿಳಿ ವಸ್ತ್ರ ತೆಗೆದು ಅವರ ಮುಂದೆ ಇಟ್ಟಳು.

"ನಿಮ್ಮದು ನೀವು ತೊಗೊರಿ. ನಮ್ಮದು ನಮಗ ಕೊಡ್ರಿ."

ಶೇಟ್ ಅದರ ಮಡಿಕೆ ಬಿಡಿಸಿ ನೋಡಿದರು. "ಇದು ನಂದಲ್ಲ ತಂಗಿ. ಹೊಟೆಲಿಂದು."

"ಗೊತ್ತೈತ್ರಿ," ಎಂದಳು ಅತ್ತೆ.

ಗೊತ್ತಿತ್ತೇ? ಅವತ್ತೇ ಗೊತ್ತಿತ್ತೇ?

"ಹೊಸಾವು ಒಂದು ಡಜನ್ ಕೊಡತೇನಿ, ಒಯ್ಯಿ ತಂಗಿ," ಎಂದರು ಅವರು ದನಿ ತಗ್ಗಿಸಿ.

"ನನಗ ಹೊಸಾವು ಬ್ಯಾಡ್ರಿ. ಅದ ಬೇಕು. ಅದು ಮನಿಗೆ ಬರೂತನಕ ನಮ್ಮಪ್ಪ ಬಾಗಿಲ ಕಡೆ ನೋಡೂದು ಬಿಡೂದಿಲ್ಲ."

ಶೇಟ್ ಎದ್ದು ಒಳಗಿನ ಕಪಾಟಿನ ಬೀಗ ತೆಗೆದರು. ಟಾವೆಲ್ ಮಡಿಕೆ ಕೆಡದೆ ಹಾಗೇ ಇತ್ತು, ಮೇಲೆ ಟೋಪಿ. ಮೂಲೆಯಲ್ಲಿ ಆ ಚೆಲ್ಲಿದ ಅರಿಶಿಣ. "ಅವತ್ತ ಹೇಳಬೇಕಿತ್ತು," ಎಂದರು, "ನಿಮ್ಮಪ್ಪನ ಮಾರಿ ನೋಡಿ ಬಾಯಿ ಬರಲಿಲ್ಲ. ಆಮ್ಯಾಲ ಕಳಸಾಕೂ ಮನಸ ಆಗಲಿಲ್ಲ." ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅತ್ತೆ ತೆಗೆದುಕೊಂಡು ನಮಸ್ಕಾರ ಮಾಡಿ ಹೊರಬಂದಳು.

ಮನೆಯಲ್ಲಿ ಅಜ್ಜನ ಮುಂದೆ ಅದನ್ನಿಟ್ಟು, "ಅವರು ತಿರುಗಿ ಕೊಟ್ಟಾರಪ್ಪ," ಎಂದಳು. ಅಜ್ಜ ಮೂಲೆಯ ಅರಿಶಿಣವನ್ನು ಹೆಬ್ಬೆರಳಿನಿಂದ ಸವರಿದ. "ಅವರ ಟಾವೆಲ್ ಮುಟ್ಟಿಸಿದಿ?" ಎಂದು ಕೇಳಿದ. ಮುಟ್ಟಿಸಿದೆ ಎಂದಳು. "ಛಲೋ ಆತು. ಅವರದು ಒಂದೂ ನಮ್ಮ ಕಡೆ ಉಳೀಬಾರದು," ಎಂದು ಎದ್ದು ಎಮ್ಮೆಗೆ ನೀರು ಕುಡಿಸಲು ಹೋದ. ಅದು ಹೋಟೆಲಿನ ವಸ್ತ್ರವಾಗಿತ್ತು ಎಂದು ತಿಳಿಯದೆಯೇ ಅಜ್ಜ ತೀರಿಕೊಂಡ. ಅತ್ತೆಗೆ ಮರುವರ್ಷ ಅಕ್ಕಲಕೋಟದ ಒಬ್ಬ ಕಂಪೌಂಡರ್ ಜೊತೆ ಲಗ್ನವಾಯಿತು. ಚೆನ್ನಾಗಿದ್ದಾಳೆ.

ನಾನೀಗ ಸೊಲ್ಲಾಪುರದಲ್ಲೇ ನೌಕರಿಯಲ್ಲಿದ್ದೇನೆ. ಕಳೆದ ತಿಂಗಳು ರವಿವಾರ ಅತ್ತೆಯನ್ನು ಅದೇ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ದೋಸೆ ಹುಯ್ಯುವ ಜಾಗ ಅಲ್ಲೇ ಇದೆ. ತಾಟಿನ ಪಕ್ಕ ಮಾತ್ರ ಈಗ ವಸ್ತ್ರದ ಬದಲು ಕಾಗದದ ಚೂರು. ಅಂತೂ ಬಾಯಿಬಿಟ್ಟೆ.

"ಅತ್ತಿ, ಅವತ್ತ ನನಗೂ ಗೊತ್ತಿತ್ತು. ಪೇಸ್ಟ್ರಿ ಸಲುವಾಗಿ ಸುಮ್ಮ ಕುಂತೆ."

"ನೀ ಪಕ್ಕದ ಟೇಬಲ್ ನೋಡಿದ್ದು ನಾ ನೋಡಿದ್ದೆ. ನಿನಗ ಹಸಿವಿ ಆಗಿತ್ತು," ಎಂದು ನಕ್ಕಳು. ಆಮೇಲೆ, "ನಾನೂ ನಿಂದ್ರಸಬಹುದಿತ್ತು. ಮೂರು ಸಂಬಂಧ ಹೋದ ಮ್ಯಾಲ ಅಪ್ಪ ಹಂಗ ನಕ್ಕಿದ್ದು ಅದ ಮೊದಲ. ಅದನ್ನ ಹ್ಯಾಂಗ ಕಸಗೊಳ್ಳಲಿ?" ಎಂದಳು.

ಹೋದ ವರ್ಷ ನನಗೂ ಒಂದು ಸಂಬಂಧ ಬಂದಿತ್ತು. ಇಂಥದ್ದೇ ಹೋಟೆಲುಗಳಲ್ಲಿ ಆ ಹುಡುಗನೂ ನಾನೂ ನಾಲ್ಕು ರವಿವಾರ ಎದುರುಬದುರು ಕೂತು ತಿಂದೆವು, ಆಗಲಿ ಎಂದುಕೊಂಡೆವು. ಐದನೆಯ ವಾರ ಬೇಡ ಎಂದು ಅವನಿಂದ ಮೊಬೈಲಿಗೆ ಎರಡು ಸಾಲು ಬಂತು, ಮುಗಿಯಿತು. ನನಗೂ ಬಸ್ಸು ಹತ್ತಿ ಹೋಗಿ, ಅವನ ಎದುರು ನಿಂತು, ನಮ್ಮದು ನಮಗೆ ಕೊಡಿ ಎಂದು ಕೇಳಬೇಕು ಅನ್ನಿಸಿತ್ತು. ಆದರೆ ಕೇಳುವುದಕ್ಕೆ ಅವನ ಬಳಿ ನಮ್ಮದು ಏನೂ ಇರಲಿಲ್ಲ.