ಬೇರೆ ಜಾತಿಯ ಗಂಡು

ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಹೂವಿನ ಕುಂಡ ಸರಿಸಿದಾಗ ಹಸಿ ಇಟ್ಟಿಗೆಯ ವಾಸನೆ ಮೂಗಿಗೆ ಬಡಿಯಿತು. ಇಟ್ಟಿಗೆಯ ಕೆಳಗಿದ್ದ ಬೂದುಬಣ್ಣದ ಪ್ರಾಣಿಯೊಂದು ಬೆಳಕು ಕಂಡದ್ದೇ ಮೈ ಮಡಚಿ ಜೋಳದ ಕಾಳಿನಷ್ಟು ಗುಂಡಗಾಯಿತು. ನೀವೂ ಇದನ್ನು ನೋಡಿರುತ್ತೀರಿ; ಕಸಬರಿಗೆಯಿಂದ ಮೋರಿಗೆ ತಳ್ಳಿಯೂ ಇರುತ್ತೀರಿ. ಹೆಸರು ಕೇಳಿದರೆ ‘ಹುಳ’ ಎನ್ನುತ್ತೀರಿ. ಕಚ್ಚದ, ತಿನ್ನಲಾಗದ, ಬೆಳೆಗೂ ಬೀಳದ ಪ್ರಾಣಿಗೆ ಹೆಸರಿಡುವ ಉಸಾಬರಿಗೆ ನಮ್ಮ ಕಡೆಯವರು ಹೋಗುವುದಿಲ್ಲ. ನಾನು ಹೋದೆ.

ನಿಜಕ್ಕೂ ಅದು ಹುಳವಲ್ಲ. ನೀರು ಬಿಟ್ಟು ನೆಲಕ್ಕೆ ಬಂದ, ಏಡಿ ಸಿಗಡಿಗಳ ದೂರದ ಬಂಧು. ಸಂಪಗಾಂವದ ನಮ್ಮ ಮನೆಯ ಬಚ್ಚಲ ಕಲ್ಲಿನ ಅಡಿಯಲ್ಲಿ ಮೊದಲು ಸಿಕ್ಕಾಗ ಈ ಸಂಗತಿಯನ್ನು ಸಂಭ್ರಮದಿಂದ ಅವ್ವನಿಗೆ ಹೇಳಿದೆ. ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ನಮ್ಮ ಬಚ್ಚಲದಾಗ ಸಿಗಡಿ ಬಳಗ ಐತಿ ಅಂತ ಯಾರ ಮುಂದೂ ಅನಬ್ಯಾಡ. ನಿನ್ನ ಲಗ್ನ ಇನ್ನೂ ಆಗಬೇಕು.”

ಬೈಲಹೊಂಗಲದಲ್ಲಿ ನನ್ನ ಸಂಶೋಧನೆಗೆ ದಾರಿ ತೋರಿಸುತ್ತಿದ್ದ ಸರ್, ಇದು ಈವರೆಗೆ ಯಾರೂ ವರ್ಣಿಸದ ಜಾತಿ ಇರಬಹುದು ಎಂದರು. ಪುಸ್ತಕದಲ್ಲಿ ‘ಪ್ರಭೇದ’ ಎಂದು ಬರೆಯಬೇಕು. ಬಾಯಲ್ಲಿ ಮಾತ್ರ ‘ಜಾತಿ’ ಎಂದೇ ಬರುತ್ತದೆ. ಆದರೆ ಒಂದು ನಿಯಮವಿತ್ತು. ಈ ಬಳಗದಲ್ಲಿ ಹೆಣ್ಣುಗಳೆಲ್ಲ ನೋಡಲು ಒಂದೇ ತೆರ. ಗಂಡಿನ ಹೊಟ್ಟೆಯ ಕೆಳಗಿನ ಸಣ್ಣ ಎಸಳಿನ ಆಕಾರ ನೋಡಿಯೇ ಜಾತಿ ಹೇಳಬೇಕು. ಗಂಡು ಸಿಗದೆ ಹೆಸರಿಡುವಂತಿಲ್ಲ. ನನಗೆ ಸಿಕ್ಕಿದ್ದೆಲ್ಲ ಹೆಣ್ಣು.

ಅದೇ ಹೊತ್ತಿಗೆ ನಮ್ಮ ಕಾಕಾ ಕೂಡ ಗಂಡು ಹುಡುಕುತ್ತಿದ್ದರು, ನನಗಾಗಿ. ಅಪ್ಪ ಇಂಥದ್ದನ್ನೆಲ್ಲ ತಮ್ಮನಿಗೆ ಬಿಟ್ಟು ಹೊಲಕ್ಕೆ ಹೋಗಿಬಿಡುವವರು. ಕಾಕಾ ಹತ್ತಿ ದಲಾಲಿ. ಬೆರಳಲ್ಲಿ ಎಳೆ ತಿಕ್ಕಿದರೆ ಸಾಕು, ಯಾವ ಹೊಲದ್ದೆಂದು ಹೇಳುವೆ ಎನ್ನುವ ಮನುಷ್ಯ. ಮನೆತನಗಳನ್ನೂ ಹಾಗೆಯೇ ತಿಕ್ಕಿ ನೋಡುತ್ತಿದ್ದರು. ಎಷ್ಟೋ ಮುಂಜಾನೆ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಗಂಡು ಹುಡುಕಲು ಹೊರಟದ್ದುಂಟು. ಕಿತ್ತೂರಿನಲ್ಲಿ ಅವರು ಯಾರದೋ ಪಡಸಾಲೆಯಲ್ಲಿ ಚಹಾ ಕುಡಿಯುವಾಗ ನಾನು ಊರ ಹೊರಗಿನ ಬಾವಿಯ ಕಲ್ಲು ಎತ್ತುತ್ತಿದ್ದೆ, ಎಂ.ಕೆ. ಹುಬ್ಬಳ್ಳಿಯಲ್ಲಿ ಕಬ್ಬಿನ ಒಣಗರಿಯ ರವದಿ ಕೆದರುತ್ತಿದ್ದೆ. ದಿನಚರಿ ಬರೆಯುವ ಚಟ ನನಗೆ. ಕಾಕಾ ನೋಡಿ ಬೇಡವೆಂದ ಗಂಡುಗಳು ಪುಟದ ಎಡಕ್ಕೆ, ನಾನು ನೋಡಿ ಹೆಣ್ಣೆಂದು ಬಿಟ್ಟ ಪ್ರಾಣಿಗಳು ಬಲಕ್ಕೆ. ಎಡಗಡೆಯೇ ಬೇಗ ತುಂಬುತ್ತಿತ್ತು.

ಈ ತಮಾಷೆಯ ಹಿಂದೆ ಒಂದು ಪಂದ್ಯವಿತ್ತು. ಕಿತ್ತೂರಿನ ಮನೆತನವೊಂದು ನನ್ನನ್ನು ಒಪ್ಪಿತ್ತು. ಲಗ್ನದ ಮೇಲೆ ‘ಹುಳದ ಕೆಲಸ’ ಬೇಡ ಎಂದೂ ಹೇಳಿತ್ತು. ಬೇಸಿಗೆ ಮುಗಿಯುವುದರೊಳಗೆ ನನಗೆ ಗಂಡು ಸಿಕ್ಕರೆ ಆ ಪ್ರಾಣಿಗೊಂದು ಹೆಸರು. ಅಷ್ಟರಲ್ಲಿ ಕಾಕಾ ಹೂಂ ಅಂದುಬಿಟ್ಟರೆ ಅದು ಮತ್ತೆ ಬರೀ ಹುಳ, ನಾನು ಕಿತ್ತೂರಿನ ಸೊಸೆ.

ನಡುವೆ ರಾಮದುರ್ಗದಿಂದ ಒಬ್ಬ ಹೈಸ್ಕೂಲ್ ಮಾಸ್ತರ ನೋಡಲು ಬಂದಿದ್ದ. ಉಳಿದವರೆಲ್ಲ ಅಡಿಗೆ ಬರುತ್ತದೆಯೇ ಎಂದು ಕೇಳಿದ್ದರು. ಇವನು, ಒಣ ನೆಲದ ಮೇಲೆ ಆ ಪ್ರಾಣಿ ಕಿವಿರಿನಿಂದ ಉಸಿರಾಡುವುದು ಹೇಗೆ ಎಂದು ಕೇಳಿದ. ದಿನಚರಿಯಲ್ಲಿ ‘ಒಳ್ಳೆಯ ಪ್ರಶ್ನೆ’ ಎಂದಷ್ಟೇ ಬರೆದು ಕೆಳಗೆ ಎರಡು ಗೆರೆ ಎಳೆದೆ. ಕಾಕಾಗೂ ಹುಡುಗ ಹಿಡಿಸಿದ್ದ. ಆದರೆ ಒಳಪಂಗಡ ಬೇರೆ. ಅವರೂ ನಮ್ಮವರೇ, ಪೂರಾ ನಮ್ಮವರಲ್ಲ ಎಂದು ಹೇಳಿ ಕಳುಹಿಸಿದರು. ಏನು ಫರಕು ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, ಬೀಗರ ಊಟಕ್ಕೆ ಅವರು ಮೊದಲು ಹುಗ್ಗಿ ಬಡಿಸುತ್ತಾರೆ, ನಮ್ಮಲ್ಲಿ ಹೋಳಿಗೆ ಎಂದರು.

ಬೇಸಿಗೆಯ ಕೊನೆಗೆ ಒಂದು ಅಡ್ಡಮಳೆಯ ಮಧ್ಯಾಹ್ನ, ಊರೂರು ಅಲೆದ ಮೇಲೆ, ನಮ್ಮ ಬಚ್ಚಲ ಕಲ್ಲಿನ ಅಡಿಯಲ್ಲೇ ಗಂಡು ಸಿಕ್ಕಿತು. ಕಾಲೇಜಿನಿಂದ ತಂದಿಟ್ಟಿದ್ದ ಸೂಕ್ಷ್ಮದರ್ಶಕದಲ್ಲಿ ನೋಡಿ, ಪಡಸಾಲೆಗೆ ಬಂದು ಸರ್‌ಗೆ ಫೋನು ಮಾಡಿದೆ.

“ಸರ್, ಗಂಡು ಸಿಕ್ಕೈತ್ರಿ. ಬ್ಯಾರೆ ಜಾತಿನ ಐತ್ರಿ, ಸಂಶಯನ ಇಲ್ಲ. ಮನ್ಯಾಗ ಇಟ್ಕೊಂಡೇನಿ.”

ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತು. ಕಾಕಾ ಚಹಾದ ಬಶಿ ಕೆಳಗಿಟ್ಟು, ಯಾರ ಮಗ, ಯಾವ ಊರು, ಯಾವ ಕೋಣೆಯಲ್ಲಿದ್ದಾನೆ ಎಂದು ಒಂದೇ ಉಸಿರಿಗೆ ಕೇಳಿದರು. ಡಬ್ಬಿಯಲ್ಲಿದೆ ಎಂದೆ.

ತಾವೇ ಕಣ್ಣಾರೆ ನೋಡುವ ತನಕ ಅವರು ನಂಬಲಿಲ್ಲ. ಕಾಲೇಜಿನಿಂದ ತಂದಿದ್ದ, ಆಗಲೇ ಹೆಸರಿರುವ ಹಳೆಯ ಜಾತಿಯ ಗಂಡೊಂದು, ಹೊಸದೊಂದು, ಎರಡನ್ನೂ ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಹತ್ತಿ ನೋಡುವ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

“ಏ ತಂಗಿ, ಇಷ್ಟ ಫರಕಿಗೆ ಬ್ಯಾರೆ ಜಾತಿ ಅಂತೀಯೇನ?”

“ಹೂಂ ರಿ ಕಾಕಾ. ಕೂಡಿ, ಮಕ್ಕಳಾಗಿ, ಆ ಮಕ್ಕಳಿಗೂ ಮಕ್ಕಳಾದ್ರ ಒಂದ ಜಾತಿ. ಇಲ್ಲಂದ್ರ ಬ್ಯಾರೆ. ಅಷ್ಟ ನಿಯಮ.”

ಕಾಕಾಗೆ ಪರಮ ಸಂತೋಷವಾಯಿತು. “ನೋಡ, ಹುಳಕ್ಕೂ ತಿಳೀತೈತಿ. ಜಾತಿ ಬಿಟ್ಟು ಹೋಗೂದಿಲ್ಲ.”

“ಮತ್ತ ರಾಮದುರ್ಗದವ್ರನ್ನ ಮಾಡ್ಕೊಂಡ್ರ ಮಕ್ಕಳಾಗೂದಿಲ್ಲೇನ್ರಿ?”

ಮಾತು ಬಾಯಿಂದ ಬಿದ್ದ ಮೇಲೆ ನನಗೂ ಮೈ ಮಡಚಿ ಗುಂಡಗಾಗಿಬಿಡಬೇಕು ಎನಿಸಿತು. ಕಾಕಾ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರು. ಅಡಿಗೆಮನೆಯಿಂದ ಅವ್ವನ ದನಿ ಬಂತು: “ಹುಗ್ಗಿ ಮೊದಲ ಉಂಡವರು ಬಸರಾಗೂದಿಲ್ಲಂತ ನಾ ಎಲ್ಲೂ ಕೇಳಿಲ್ಲಪಾ.”

ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಮುಂದಿನ ವಾರ ಕಾಕಾ, ಕಿತ್ತೂರಿನವರಿಗೆ ಹೂಂ ಅನ್ನದೆ, ಹತ್ತಿಯ ವ್ಯವಹಾರವಿದೆ ಎಂದು ರಾಮದುರ್ಗದ ಬಸ್ಸು ಹತ್ತಿದರು. ಅವರ ಕೈಯಲ್ಲಿ ಹತ್ತಿಯ ಮಾದರಿ ಇರಲಿಲ್ಲ.

ಪ್ರಾಣಿಯ ವರ್ಣನೆ ಅಚ್ಚಾಯಿತು. ಅದರ ಹೆಸರಿನ ಕೊನೆಯಲ್ಲಿ ಸಂಪಗಾಂವ ಬರುವಂತೆ ಮಾಡಿದೆ. ಹಿಂದೆ ಇಲ್ಲಿದ್ದ ತಾಲೂಕಾ ಕಚೇರಿ ಬೈಲಹೊಂಗಲಕ್ಕೆ ಹೋದ ಮೇಲೆ ಊರಿಗೆ ಸಿಕ್ಕ ಮೊದಲ ಮರ್ಯಾದೆ ಇದೇ ಎಂದು ಕಟ್ಟೆಯ ಹಿರಿಯರು ಹೇಳಿದರಂತೆ; ಹೊಗಳಿದ್ದೋ ಬೈದದ್ದೋ ತಿಳಿಯಲಿಲ್ಲ.

ಈಗ ನಾನಿರುವುದು ರಾಮದುರ್ಗದಲ್ಲಿ, ಮಾಸ್ತರ ಮನೆಯಲ್ಲಿ. ಬಸುರಿಗೆ ಏಳು ತಿಂಗಳು ತುಂಬಿವೆ. ಕುಂಡ ಸರಿಸಿದ್ದಕ್ಕೆ ಅತ್ತೆಯಿಂದ ಬೈಸಿಕೊಂಡದ್ದೂ ಆಯಿತು. ಸಂತೆಯ ದಿನ ಕಾಕಾ ತಪ್ಪದೆ ಫೋನು ಮಾಡುತ್ತಾರೆ. ಇವತ್ತೂ ಮಾಡಿದ್ದರು.

“ಏನವಾ, ಪುರಾವೆ ಯಾವಾಗ ಬರತೈತಿ?”

“ಇನ್ನೆರಡು ತಿಂಗಳ್ರಿ. ಆದ್ರ ನಿಯಮ ಪೂರಾ ಆಗಬೇಕಂದ್ರ ಇದರ ಮಕ್ಕಳಿಗೂ ಮಕ್ಕಳಾಗಬೇಕ್ರಿ ಕಾಕಾ.”

ಆ ಕಡೆ ಸ್ವಲ್ಪ ಹೊತ್ತು ಲೆಕ್ಕ ನಡೆಯಿತು. “ಹಂಗಾರ ಅಲ್ಲೀತನಕ ನನ್ನ ಮಾತ ಖರೆ,” ಎಂದರು ಕಾಕಾ, ಬಹಳ ಸಮಾಧಾನದಿಂದ.

ನಾನು ಫೋನನ್ನು ಇನ್ನೊಂದು ಕಿವಿಗೆ ಹಚ್ಚುವಷ್ಟರಲ್ಲಿ ಒಳಗಿನಿಂದ ಪುರಾವೆಯೇ ಜೋರಾಗಿ ಒಮ್ಮೆ ಒದೆಯಿತು.