ಎಂಟು ಗಂಟೆಯ ಅಲಾರಾಂ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ಮಂಡ್ಯ ಜಿಲ್ಲೆಯ ಒಂದು ಎಆರ್‌ಟಿ ಕೇಂದ್ರದಲ್ಲಿ ಆಪ್ತ ಸಮಾಲೋಚಕಿಯಾಗಿದ್ದೆ. ಎಚ್‌ಐವಿ ಇರುವವರಿಗೆ ಮಾತ್ರೆ ಕೊಡುವ ಜಾಗವದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ನಾಲ್ಕೂ ಕಡೆಯಿಂದ ಜನ ಬರುತ್ತಿದ್ದರು. ದಿನಾ ಒಂದೇ ಹೊತ್ತಿಗೆ ನುಂಗಬೇಕು, ಮರೆಯದಿರಲು ಫೋನಿನಲ್ಲಿ ರಾತ್ರಿ ಎಂಟಕ್ಕೆ ಅಲಾರಾಂ ಇಟ್ಟುಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತಿದ್ದೆ.

ಬಾಬುರಾಯನಕೊಪ್ಪಲಿನ ಸಾವಿತ್ರಿ (ಇಲ್ಲಿನ ಹೆಸರುಗಳನ್ನು ಬದಲಿಸಿದ್ದೇನೆ) ಲೈಂಗಿಕ ವೃತ್ತಿಯವಳು. ಅಲ್ಲಿಯವರೆಗೆ ಮಾತ್ರೆ ತಪ್ಪಿಸಿದವಳೇ ಅಲ್ಲ. ಅಂಥವಳ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ಸಿನ ಪ್ರಮಾಣ, ಆ ಸಲ ಸಿಕ್ಕಾಪಟ್ಟೆ ಏರಿತ್ತು. ಹೀಗೇ ಬಿಟ್ಟರೆ ಮಾತ್ರೆ ಕೆಲಸ ಮಾಡುವುದೇ ನಿಂತು ಜೀವಕ್ಕೆ ಕುತ್ತಾಗುತ್ತಿತ್ತು. ಕೂರಿಸಿಕೊಂಡು ಕೇಳಿದೆ. ಮನೆಯಲ್ಲಿ ಅವಳ ಜೊತೆ ಬಾಳುತ್ತಿದ್ದ, ಆಟೋ ಓಡಿಸುವ ಶಿವಣ್ಣನಿಗೆ ಅವಳ ಕಸುಬು ಗೊತ್ತು, ಕಾಯಿಲೆ ಗೊತ್ತಿಲ್ಲ. ಎಂಟಕ್ಕೆ ಫೋನು ಬಡಿದುಕೊಂಡರೆ ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಯಾವನೋ ದಿನಾ ಫೋನು ಮಾಡುತ್ತಾನೆಂದುಕೊಂಡ ಅವನಿಗೆ, ಗಿರಾಕಿಗಳ ಮೇಲಿಲ್ಲದ ಹೊಟ್ಟೆಕಿಚ್ಚು ಈ ಫೋನಿನವನ ಮೇಲೆ. ಬ್ಯಾಗು, ಡಬ್ಬ ಎಲ್ಲ ತಡಕಾಡತೊಡಗಿದ. ಅವಳು ಹೆದರಿ ಮಾತ್ರೆಯನ್ನು ಅದೇ ಕಸುಬಿನ ಗೆಳತಿಯ ಮನೆಯಲ್ಲಿಟ್ಟಳು. ಆ ಗೆಳತಿಯೋ, ಊರಿಗೆಲ್ಲ ಗೊತ್ತಾಗುತ್ತದೆಂದು ಪರೀಕ್ಷೆಗೇ ಬಾರದವಳು. ಸಾವಿತ್ರಿ ಅಲ್ಲಿಗೆ ಹೋದ ದಿನ ಮಾತ್ರೆ ಉಂಟು, ಹೋಗದ ದಿನ ಇಲ್ಲ.

"ಇನ್ಯಾವನೋ ಅವ್ನೆ ಅಂತ್ಲೇ ಅಂದ್ಕಳ್ಲಿ ಮೇಡಂ. ಕಾಯ್ಲೆ ಅಂತ ಗೊತ್ತಾದ್ರೆ ಬುಟ್ಟೋಗ್ಬುಡ್ತಾನೆ," ಎಂದಳು. ಮರುಕ್ಷಣವೇ ಅವನ ಮೇಲೆ ಕಿಡಿಕಾರಿದಳು. ಅವನೇನು ಸಾಚಾನಾ, ಉಣ್ಣುತ್ತಲೇ ಬೀಡಿ ನೆಪ ಮಾಡಿ ಆಟೋ ಹತ್ತಿರ ಹೋಗುತ್ತಾನೆ, ಅದೂ ದಿನಾ ಅದೇ ಹೊತ್ತಿಗೆ, ಕೆ.ಆರ್.ಪೇಟೆಯಲ್ಲಿ ಯಾವಳನ್ನೋ ಇಟ್ಟುಕೊಂಡಿರಬೇಕು ಎಂದು.

ಆಗಲೇ ನನಗೆ ಹೊಳೆದದ್ದು. ಬೇರೊಂದು ದಿನ ಮಾತ್ರೆಗೆ ಬರುವ ಆಟೋ ಶಿವಣ್ಣ ಹಿಂದಿನ ವಾರವಷ್ಟೇ ಅದೇ ಕುರ್ಚಿಯಲ್ಲಿ ಕೂತು, ಮನೆಯವಳಿಗೆ ಎಂಟಕ್ಕೆ ಫೋನು ಮಾಡುವವನನ್ನು ಬೈದು ಹೋಗಿದ್ದ. ಆ ಮನೆಯವಳು ಇವಳೇ. ಇಬ್ಬರಿಗೂ ಎಂಟು ಗಂಟೆ ಗೊತ್ತುಮಾಡಿದವಳು ನಾನೇ.

ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳುವಂತಿಲ್ಲ, ಅದು ಕಾನೂನು. ನಾಲಿಗೆಯ ತುದಿಗೆ ಬಂದದ್ದನ್ನು ತಡೆದುಕೊಂಡೆ. ಜೊತೆಯವರನ್ನು ಕರೆದುಕೊಂಡು ಬಂದು ನನ್ನೆದುರೇ ಹೇಳಿಬಿಡಿ ಎಂದು ಇಬ್ಬರಿಗೂ ಬೇರೆಬೇರೆಯಾಗಿ ಹೇಳಿದೆ. ಇಬ್ಬರೂ ಒಪ್ಪಲಿಲ್ಲ. ಮನೆಗೆ ಹೋದ ಮೇಲೂ ನನಗೆ ಅದೇ ಸಂಕಟ.

ಕೊನೆಗೆ ದಾರಿ ಮಾಡಿದ್ದು ಅವಳ ಹೊಟ್ಟೆಕಿಚ್ಚೇ. ಯಾವಳೆಂದು ಕಣ್ಣಾರೆ ನೋಡಿಬಿಡೋಣವೆಂದು ಅವನ ಹಿಂದೆಯೇ ಹೋದಳು. ಅಲ್ಲಿ ಯಾವಳೂ ಇರಲಿಲ್ಲ. ಆಟೋದ ಸೀಟಿನಡಿಯಿಂದ ಅವಳದೇ ಥರದ ಡಬ್ಬಿ ತೆಗೆದು ಅವನು ಮಾತ್ರೆ ನುಂಗುತ್ತಿದ್ದ. ಅಲ್ಲೇ ತನ್ನದನ್ನೂ ಹೇಳಿ ಅತ್ತಳಂತೆ. ಮಾರನೆಯ ದಿನ ನನ್ನ ಮೇಲೆ ಹರಿಹಾಯ್ದಳು.

"ನಾನು ಸಾಯಂಗಾದ್ರೂ ಹೇಳ್ನಿಲ್ವಲ್ಲ ನೀವು?"

"ಶಿವಣ್ಣನಿಗೂ ನಿನ್ನ ವಿಷಯ ಹೇಳಲಿಲ್ಲ ಸಾವಿತ್ರಿ," ಎಂದೆ. ಅವಳು ಎದ್ದುಹೋದಳು.

ಕೆಲವು ತಿಂಗಳಲ್ಲಿ ಅವಳ ರಕ್ತದಲ್ಲಿ ವೈರಸ್ಸು ಪತ್ತೆಯಾಗದಷ್ಟು ಇಳಿಯಿತು. ರಿಪೋರ್ಟು ಹಿಡಿದುಕೊಂಡು, ಶಿವಣ್ಣನದು ತನ್ನದಕ್ಕಿಂತ ಚೆನ್ನಾಗಿದೆಯಾ ಎಂದು ಕೇಳಿದಳು. ಅದನ್ನು ಹೇಳುವಂತಿಲ್ಲ ಎಂದೆ. ನಕ್ಕಳು.

"ಅವ್ನೇ ತೋರುಸ್ದ ಮೇಡಂ. ನೀವು ಬಾಯ್ಬುಡ್ತೀರಾ ಅಂತ ನೋಡ್ದೆ. ನಾನು ಮಾತ್ರೆ ಮಡುಗ್ತಿದ್ನಲ್ಲ, ಆ ಗೆಳತೀನ ನಾಳೆ ಪರೀಕ್ಷೆಗೆ ಕರ್ಕಬತ್ತೀನಿ."

ಬಾಯಿ ಮುಚ್ಚಿಕೊಂಡಿರುವುದೂ ಚಿಕಿತ್ಸೆಯೇ ಎಂದು ಕಲಿತದ್ದು ಅವತ್ತು. ಎಲ್ಲರಿಗೂ ಎಂಟು ಗಂಟೆ ಎನ್ನುವುದನ್ನು ಮಾತ್ರ ಬಿಟ್ಟೆ. ಆ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ ಎಂದು ಮೊದಲು ಕೇಳುತ್ತೇನೆ.