ಪಟಾಕಿ ಸದ್ದಿಗೆ ಒಂದು ಹಿಡಿ ಕಡಲೆ

ಸೈನ್ಯದಲ್ಲಿ ಇಪ್ಪತ್ತು ವರ್ಷ ಕುದುರೆ ಪಳಗಿಸಿ ಹಿರೇಗುತ್ತಿಗೆ ಮರಳಿದ ಮೇಲೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಸುಕಿಗೇ ಎದ್ದು ಅಂಗಳದಲ್ಲಿ ಶತಪಥ ತಿರುಗುತ್ತಿದ್ದೆ. "ಕಾಲಿಗೆ ಚಕ್ರ ಕಟ್ಕಂಡಿದ್ಯೇನೋ ಮಾರಾಯ?" ಎಂದು ಅಕ್ಕ ಬೈಯುತ್ತಿದ್ದಳು.

ಅವಳ ಗಂಡ, ನಮ್ಮ ಭಾವ, ಹೊನ್ನಾವರದ ಕಡಲತೀರದಲ್ಲಿ ಪ್ರವಾಸಿಗರ ಸವಾರಿಗೆಂದು ಒಂದು ಹೆಣ್ಣು ಕುದುರೆ ಸಾಕಿದ್ದರು. ಈಚೆಗೆ ಮದುವೆಗಳಿಗೂ ಕರೆ ಬರುತ್ತಿತ್ತು. ಪಟಾಕಿ ಸಿಡಿದರೆ ಮಾತ್ರ ಅದು ಕಂಬಿ ಕೀಳುತ್ತಿತ್ತು.

"ಕುಮಟೆ ಮದುವೆಲೂ ಓಡಿದ್ರೆ ಮಾರೂದೇಯ. ನಂಗೆ ಸಾಕಾತು," ಎಂದರು ಭಾವ.

ಮಾರಿದರೆ ಅದು ಕಲ್ಲು ಹೊರುವ ಗಾಡಿಗೇ ಬೀಳುತ್ತದೆ. "ಹದಿನೈದು ದಿನ ನಂಗೆ ಬಿಡಿ ಭಾವ," ಎಂದೆ.

ದಂಡಿನ ಪಾಠ ಹಳೆಯದು. ಕುದುರೆ ಮೇಯುವಾಗ ದೂರದಲ್ಲಿ ಒಂದು ಗುಂಡು. ಬೆದರದಿದ್ದರೆ ಒಂದು ಹಿಡಿ ಕಡಲೆ. ದಿನದಿನಕ್ಕೂ ಸದ್ದು ಹತ್ತಿರ. ಕಲಿಸಿದ ಉಸ್ತಾದರು ನನ್ನ ಕಾಲೆಳೆಯುತ್ತಿದ್ದರು: ಹಿಂದೆ ಅರಬ್ಬಿ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದದ್ದೇ ನಿಮ್ಮ ಭಟ್ಕಳ, ಹೊನ್ನಾವರದಲ್ಲಿ, ನಿನಗೆ ಇದನ್ನು ಹೇಳಿಕೊಡಬೇಕೇ?

ದಂಡಿನಲ್ಲಿ ಗುಂಡು ಹಾರಿಸುವವನು ಒಬ್ಬ, ಕುದುರೆಯ ಪಕ್ಕ ನಿಂತು ಕಡಲೆ ಕೊಡುವವನು ಇನ್ನೊಬ್ಬ. ಇಲ್ಲಿ ಎರಡಕ್ಕೂ ನಾನೊಬ್ಬನೇ. ಪಟಾಕಿ ಹಚ್ಚಿ, ಅಲ್ಲೇ ನಿಂತು, ಕಡಲೆ ಚೀಲ ಅಲ್ಲಾಡಿಸಿ ಕರೆಯುತ್ತಿದ್ದೆ. ಎರಡನೇ ವಾರಕ್ಕೆ ಅದು ಹೊಗೆಯೊಳಗೇ ಮೂತಿ ತೂರಿಸಿತು. ಭಲೇ ಎಂದು ಬೀಗಿದೆ. ನನ್ನ ಬುದ್ಧಿಗಿಷ್ಟು!

ಮದುವೆಯ ಬೆಳಿಗ್ಗೆ ಮಾಲೆ ಪಟಾಕಿ ಹತ್ತಿತು. ಕುದುರೆ ಓಡಲಿಲ್ಲ. ಕಿವಿ ನಿಮಿರಿಸಿ, ಮದುಮಗನನ್ನು ಹೊತ್ತುಕೊಂಡು ಸೀದಾ ಪಟಾಕಿಯ ಕಡೆಗೇ ಹೊರಟಿತು. ಭಾವ ಲಗಾಮಿಗೆ ಜೋತುಬಿದ್ದರೂ ನಿಲ್ಲಲಿಲ್ಲ. "ಅಯ್ಯಯ್ಯೋ, ನನ್ನ ಇಳಸ್ರೋ!" ಎಂದು ಮದುಮಗ ಕಿರುಚಿದ.

ನಾನು ಓಡಿ ಅಡ್ಡ ನಿಂತೆ. ಅಷ್ಟರಲ್ಲಿ ಕಿಡಿ ಸಿಡಿದು ಅದರ ಎದೆಯ ಕೂದಲು ಕರಕಲಾಗಿತ್ತು. ಕುದುರೆಗೆ ಅದರ ಪರಿವೆಯೇ ಇಲ್ಲ. ನನ್ನ ಜೇಬಿಗೆ ಮೂತಿ ಒತ್ತಿತು. ಮದುವೆಗೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದೆ. ಜೇಬಿನಲ್ಲಿ ಒಂದು ಕಾಳೂ ಇರಲಿಲ್ಲ.

"ಓಡ್ಲಿಲ್ಲ ಅಲ್ದ, ಆತು. ಮಾರೂದಿಲ್ಲ," ಎಂದು ಭಾವ ಏದುಸಿರಿನಲ್ಲೇ ನಕ್ಕರು.

ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಹಳೆಯ ಯುದ್ಧಗಳಲ್ಲಿ ಕುದುರೆಗಳು ತೋಪಿನ ಬಾಯಿಗೇ ಎದೆಗೊಟ್ಟು ನುಗ್ಗಿದವೆಂದು ಉಸ್ತಾದರು ಹೇಳುವಾಗ ನಾವೆಲ್ಲ ಎದೆಯುಬ್ಬಿಸುತ್ತಿದ್ದೆವು. ಪಾಪ, ಅವೂ ಕಡಲೆಯನ್ನು ನಂಬಿಯೇ ಹೋಗಿದ್ದವೇನೋ. ಕುದುರೆ ನನ್ನ ಇನ್ನೊಂದು ಜೇಬನ್ನು ಹುಡುಕುತ್ತಿತ್ತು.